ಅರವತ್ತು ದಾಟಿದವರಿಗೆ ಕಡಲತೀರದ ಉಡುಪು, ಕಡಲತೀರದ ದಿನಚರಿ: ನಮ್ಮಂಥ ಮೈಗೆ ಹೊಂದುತ್ತಾ?

ಬೆಳ್ಳಿಕೂದಲು:

ಎಲ್ಲರಿಗೂ ನಮಸ್ಕಾರ. ನನಗೆ 64. ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು. ಹೋದ ತಿಂಗಳು ಬೀರು ಖಾಲಿ ಮಾಡಲು ಕೂತೆ. ಮೂವತ್ತು ವರ್ಷ ಹಾಕಿಕೊಂಡು ಓಡಾಡಿದ ಬಟ್ಟೆಗಳು ಹಾಸಿಗೆ ಮೇಲೆ ರಾಶಿ ಬಿದ್ದವು. ಬಿಗಿ ಸೊಂಟ, ಗಟ್ಟಿ ಕಾಲರ್, ಬೆನ್ನ ಹಿಂದೆ ಜಿಪ್. ಅವನ್ನು ಹಾಕಿಕೊಂಡಾಗೆಲ್ಲ ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲುತ್ತಿದ್ದೆ ಅನ್ನುವುದು ಅವತ್ತು ನೆನಪಾಯಿತು. ಒಂದನ್ನೂ ಮತ್ತೆ ಮೈಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ.

ಆಮೇಲೆ ಈ ಕಡಲತೀರದ ಸ್ಟೈಲ್ ಬಗ್ಗೆ ಓದಿದೆ. ಸಡಿಲ ಲಿನನ್ ಅಂಗಿ, ಗಾಳಿ ಆಡುವ ಪ್ಯಾಂಟ್, ಅಗಲ ಅಂಚಿನ ಟೋಪಿ. ಮರಳು, ಕೆನೆ, ತಿಳಿನೀಲಿ ಬಣ್ಣಗಳು. ಬೆಳಗ್ಗೆ ನಿಧಾನವಾಗಿ ನಡೆಯುವುದು, ಕಿಟಕಿ ತೆರೆದಿಟ್ಟು ಓದುತ್ತಾ ಕೂರುವುದು. 2022ರಲ್ಲಿ ಲೆಕ್ಸ್ ನಿಕೊಲೆಟಾ ಅನ್ನುವ ಯುವತಿ ಟಿಕ್‌ಟಾಕ್‌ನಲ್ಲಿ ಇದಕ್ಕೆ ‘ಕೋಸ್ಟಲ್ ಗ್ರ್ಯಾಂಡ್‌ಮದರ್’ ಅಂತ ಹೆಸರಿಟ್ಟರು. ಕಡಲತೀರದ ಅಜ್ಜಿ! ಹರೆಯದ ಹುಡುಗಿಯರು ಅಜ್ಜಿಯ ಹಾಗೆ ಉಡಲು ಹೊರಟರು. ಓದಿ ತುಂಬಾ ಖುಷಿಯಾಯಿತು. ನಮ್ಮ ವಯಸ್ಸಿನವರನ್ನು ನೋಡಿ ಯಾರಾದರೂ ‘ನಾನೂ ಹೀಗಿರಬೇಕು’ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದರೆ ಚಿತ್ರಗಳಲ್ಲಿ ಇರುವವರೆಲ್ಲ ಎತ್ತರ, ತೆಳ್ಳಗೆ. ನನಗೆ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಹೊಟ್ಟೆ ಇದೆ. ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಇದೆ. ಮನೆಯಲ್ಲಿ ಒಬ್ಬರು ‘ಈ ವಯಸ್ಸಿಗೆ ಇದೆಲ್ಲ ಯಾಕೆ’ ಅಂದರು. ಅದು ಇನ್ನೂ ಮನಸ್ಸಲ್ಲೇ ಕೂತಿದೆ. ನಿಮ್ಮಲ್ಲಿ ಯಾರಾದರೂ ಹೀಗೆ ಬದಲಾಯಿಸಿಕೊಂಡಿದ್ದೀರಾ? ಎಲ್ಲಿಂದ ಶುರು ಮಾಡಲಿ?

ದಾರಸೂಜಿ:

ನಿಮ್ಮ ಪ್ರಶ್ನೆ ಓದಿ ಕೂಡಲೇ ಬರೆಯಬೇಕು ಅನ್ನಿಸಿತು. ನಾನು ಬಟ್ಟೆ ಹೊಲಿಯಲು ಶುರು ಮಾಡಿ ನಲವತ್ತು ವರ್ಷದ ಮೇಲಾಯಿತು. ನಾನೂ ಅರವತ್ತು ದಾಟಿದವಳು. ಈ ಸ್ಟೈಲ್ ಇರುವುದೇ ನಮ್ಮಂಥ ಮೈಗೆ. ಚಿತ್ರದಲ್ಲಿ ಯಾರನ್ನೇ ನಿಲ್ಲಿಸಲಿ, ಆ ಅಂಗಿಯ ಕಟ್ಟು ನೋಡಿ. ಇಳಿಬಿದ್ದ ಭುಜ, ಅಗಲ ತೋಳು, ಮುಂದೆ ಗುಂಡಿ, ಸೊಂಟದಲ್ಲಿ ಹಿಡಿತ ಇಲ್ಲ. ಭುಜ ನೋಯುವವರಿಗೆ, ಹೊಟ್ಟೆ ಇರುವವರಿಗೆ ನಾನು ಹೊಲಿದುಕೊಡುತ್ತಿದ್ದದ್ದು ಅದನ್ನೇ. ಆಗ ಅದಕ್ಕೆ ಹೆಸರಿರಲಿಲ್ಲ, ಅಷ್ಟೇ.

ಮೊದಲು ಭುಜ. ತಲೆ ಮೇಲಿಂದ ಹಾಕುವ ಬಟ್ಟೆ ಯಾವುದನ್ನೂ ಕೊಳ್ಳಬೇಡಿ. ಮುಂದೆ ಪೂರ್ತಿ ತೆರೆಯುವ ಅಂಗಿಯೇ ಬೇಕು. ಕಂಕುಳಲ್ಲಿ ಒಂದು ಚೌಕ ತುಂಡು ಸೇರಿಸಿ ಹೊಲಿದರೆ ಕೈ ಆಡಿಸುವಾಗ ಅಂಗಿ ಮೇಲೆ ಎಳೆಯುವುದಿಲ್ಲ. ಸಿದ್ಧ ಉಡುಪಿನಲ್ಲಿ ಇದು ಸಿಗುವುದು ಕಡಿಮೆ. ಅದಕ್ಕೇ ಒಂದೇ ಒಂದು ಅಂಗಿಯನ್ನಾದರೂ ಅಳತೆ ಕೊಟ್ಟು ಹೊಲಿಸಿ ನೋಡಿ. ಗುಂಡಿ ದೊಡ್ಡದಿರಲಿ, ನಾಲ್ಕು ತೂತಿನದಿರಲಿ. ಗುಂಡಿಗೂ ಬಟ್ಟೆಗೂ ನಡುವೆ ದಾರದ ಸಣ್ಣ ಕುತ್ತಿಗೆ ಸುತ್ತಿಸಿ. ಆಗ ಬಿಗಿದ ಬೆರಳಿಗೂ ಗುಂಡಿ ಸಿಗುತ್ತದೆ. ಕೆಲವರು ಅಯಸ್ಕಾಂತದ ಗುಂಡಿ ಹಾಕಿಸುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದು ಬೇಡವೇ ಬೇಡ. ಅಯಸ್ಕಾಂತ ಅದರ ಕೆಲಸವನ್ನು ಕೆಡಿಸಬಹುದು.

ಇನ್ನು ಹೊಟ್ಟೆ. ಅದನ್ನು ಮುಚ್ಚಲು ಹೋಗಿ ಡೇರೆಯಂಥ ಬಟ್ಟೆ ಹಾಕಿಕೊಳ್ಳುವುದು ತುಂಬಾ ಜನರ ಅಭ್ಯಾಸ. ಅಗಲ ಅಂಗಿ, ಅಗಲ ಪ್ಯಾಂಟ್ ಎರಡೂ ಸೇರಿದರೆ ಮೈ ಎಲ್ಲೋ ಕಳೆದುಹೋಗುತ್ತದೆ. ಅಂಗಿ ಸಡಿಲ ಇದ್ದರೆ ಪ್ಯಾಂಟ್ ನೇರ ಇರಲಿ, ಕಣಕಾಲು ಕಾಣುವಷ್ಟು ಉದ್ದ ಸಾಕು. ಭುಜದ ಹೊಲಿಗೆಯನ್ನು ಬೇಕೆಂದು ಇಳಿಸಿದ್ದರೆ ಒಂದೆರಡು ಬೆರಳು ಇಳಿಯಲಿ, ಅದಕ್ಕಿಂತ ಜಾಸ್ತಿ ಬೇಡ. ಪ್ಯಾಂಟಿಗೆ ಮುಂದೆ ಚಪ್ಪಟೆ ಪಟ್ಟಿ, ಹಿಂದೆ ಮಾತ್ರ ಇಲಾಸ್ಟಿಕ್. ಕೂತಾಗ ಕತ್ತರಿಸುವುದಿಲ್ಲ. ತೋಳನ್ನು ಮೊಣಕೈ ಕೆಳಗೆ ಎರಡು ಸುತ್ತು ಮಡಚಿ. ಮಣಿಕಟ್ಟು ಕಂಡರೆ ಇಡೀ ಉಡುಪು ಹಗುರ ಅನ್ನಿಸುತ್ತದೆ. ಹೊಲಿಗೆಯವರೆಲ್ಲ ಇದನ್ನು ಬಲ್ಲರು.

ಬಟ್ಟೆ ಬಗ್ಗೆ ನಾಳೆ ಬರೆಯುತ್ತೇನೆ. ‘ಈ ವಯಸ್ಸಿಗೆ ಯಾಕೆ’ ಅಂದವರಿಗೆ ಉತ್ತರ ಕೊಡಲು ಹೋಗಬೇಡಿ. ಹಾಕಿಕೊಂಡು ಓಡಾಡಿ, ಸಾಕು.

ಹಸಿರುಕಿಟಕಿ:

ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಆ ಚಿತ್ರಗಳನ್ನು ನಾನೂ ನೋಡಿದ್ದೇನೆ. ದೊಡ್ಡ ಬಿಳಿ ಮನೆ, ಎದುರಿಗೇ ಸಮುದ್ರ, ಮೇಜಿನ ತುಂಬ ಹೂವು. ಅದು ಉಡುಪಿನ ಚಿತ್ರಕ್ಕಿಂತ ಜಾಸ್ತಿ ದುಡ್ಡಿನ ಚಿತ್ರ. ನನ್ನದು ಎರಡು ಕೋಣೆಯ ಮನೆ, ಮೂರನೇ ಮಹಡಿ. ಸಮುದ್ರ ಎಷ್ಟೋ ದೂರ. ಕೆನೆ ಬಣ್ಣದ ಹೊಸ ಬಟ್ಟೆಗಳನ್ನು ಕೊಂಡರೆ ನಾನು ಕಡಲತೀರದವಳಾಗುತ್ತೇನಾ? ಮಾರುವವರು ಹಾಗೆ ನಂಬಿಸುತ್ತಾರೆ. ಬೆಳ್ಳಿಕೂದಲು ಅವರೇ, ನಿಮ್ಮ ಖುಷಿಗೆ ಅಡ್ಡ ಬರಲು ಇದನ್ನು ಬರೆಯುತ್ತಿಲ್ಲ. ಬೀರು ಖಾಲಿ ಮಾಡಿದ ಕೂಡಲೇ ತುಂಬಿಸಲು ಹೋಗಬೇಡಿ ಅಂತ ಅಷ್ಟೇ.

ಒಂಟಿದೋಣಿ:

ಹಸಿರುಕಿಟಕಿ ಅವರ ಮಾತು ನಿಜ. ನಾನು ಹೊಸದಾಗಿ ಏನೂ ಕೊಳ್ಳಲಿಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಅಂಗಿಗಳನ್ನು ಕೊಟ್ಟುಬಿಡಲು ಕೈ ಬರಲಿಲ್ಲ. ಎರಡು ವರ್ಷ ಪೆಟ್ಟಿಗೆಯಲ್ಲೇ ಇದ್ದವು. ಒಂದು ದಿನ ಮೈಯೆಲ್ಲ ಸೆಕೆ. ಅವರ ತಿಳಿನೀಲಿ ಹತ್ತಿ ಅಂಗಿ ತೆಗೆದು ಹಾಕಿಕೊಂಡೆ. ತೋಳು ಮಡಚಿದೆ. ಕಾಲರ್ ಸವೆದು ಎಷ್ಟು ಮೆತ್ತಗಾಗಿತ್ತು ಅಂದರೆ ಕುತ್ತಿಗೆಗೆ ತಾಕಿದ್ದೇ ಗೊತ್ತಾಗಲಿಲ್ಲ. ಅವತ್ತಿನಿಂದ ಅದೇ ನನ್ನ ಉಡುಪು. ಒಟ್ಟು ಆರು ಅಂಗಿಗಳು, ಅದರ ಕೆಳಗೆ ಎರಡು ಬಿಳಿ ಪ್ಯಾಂಟ್. ಗಂಡಸರ ಅಂಗಿಯಲ್ಲಿ ಗುಂಡಿ ಬಲಗಡೆ ಇರುತ್ತದೆ, ನಮ್ಮದರಲ್ಲಿ ಎಡಗಡೆ. ಮೊದಮೊದಲು ಬೆರಳು ತಡವರಿಸಿತು. ಈಗ ರೂಢಿಯಾಗಿದೆ.

ಒಂದು ಸಂಜೆ ಆ ಅಂಗಿಯಲ್ಲೇ ಸಮುದ್ರದ ಹತ್ತಿರ ಹೋಗಿ ಕೂತೆ. ಗಾಳಿಗೆ ಅಂಗಿ ಉಬ್ಬಿತು. ತುಂಬಾ ದಿನದ ಮೇಲೆ ಅವತ್ತು ಅತ್ತೆ. ಮನಸ್ಸು ಹಗುರವಾಯಿತು.

ದಾರಸೂಜಿ:

ಒಂಟಿದೋಣಿ ಅವರೇ, ಆ ಕಾಲರ್ ಇನ್ನೂ ಸವೆದರೆ ಎಸೆಯಬೇಡಿ. ಕಾಲರನ್ನು ಬಿಚ್ಚಿ ಒಳಗಿನ ಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿಯಬಹುದು. ಇನ್ನೂ ಹತ್ತು ವರ್ಷ ಬಾಳುತ್ತದೆ.

ಈಗ ಬಟ್ಟೆ. ಲಿನನ್ ಅಗಸೆ ಗಿಡದ ಕಾಂಡದ ನಾರು. ತನ್ನ ತೂಕದ ಸುಮಾರು 20% ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬೇಗ ಒಣಗುತ್ತದೆ. ಮೈಯ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. ಮುಟ್ಟಿದಾಗ ತಂಪು ಅನ್ನಿಸುವುದು ಅದಕ್ಕೇ. ಆ ನಾರು ಹಿಗ್ಗುವುದು ತೀರಾ ಕಡಿಮೆ. ಮಡಚಿದಲ್ಲಿ ಮಡಚಿದ ಹಾಗೇ ನಿಲ್ಲುತ್ತದೆ, ಸುಕ್ಕು ಬೀಳುತ್ತದೆ. ಅದು ಬಟ್ಟೆಯ ಗುಣ. ತುಂಬಾ ಜನ ಇದನ್ನು ನೋಡಿಯೇ ಲಿನನ್ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಒಗೆದು ಜೋರಾಗಿ ಒಂದು ಸಲ ಕೊಡವಿ, ನೆರಳಲ್ಲಿ ಗಾಳಿಗೆ ತೂಗುಹಾಕಿ. ಇಸ್ತ್ರಿ ಬೇಕೇ ಬೇಕು ಅಂದರೆ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಾಕಿ. ಪೂರ್ತಿ ಒಣಗಿದ ಮೇಲೆ ಎಷ್ಟು ಉಜ್ಜಿದರೂ ಆಗದು. ಹೊಲಿಸುವ ಮೊದಲು ಬಟ್ಟೆಯನ್ನು ಒಂದು ಸಲ ಒಗೆಯಿರಿ. ಮೊದಲ ಒಗೆತಕ್ಕೆ ಕುಗ್ಗುತ್ತದೆ.

ದುಬಾರಿ ಅನ್ನಿಸಿದರೆ ಹತ್ತಿ ಸಾಕು. ಲಿನನ್, ಹತ್ತಿ ಬೆರೆಸಿದ ಬಟ್ಟೆ ಇನ್ನೂ ಒಳ್ಳೆಯದು, ಸುಕ್ಕು ಕಡಿಮೆ. ಪಾಲಿಯೆಸ್ಟರ್ ಮಾತ್ರ ಬೇಡ. ನೋಡಲು ಒಂದೇ ಥರ ಇರುತ್ತದೆ, ಒಳಗೆ ಬೆವರು ನಿಲ್ಲುತ್ತದೆ.

ನಡುಹಗಲು:

ನನಗಿನ್ನೂ 53. ಅಜ್ಜಿ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಮುಟ್ಟು ನಿಂತ ಮೇಲೆ ದಿನಕ್ಕೆ ಹತ್ತು ಸಲ ಮೈ ಬಿಸಿಯಾಗಿ ಬೆವರು ಒಡೆಯುತ್ತದೆ. ಎರಡು ಮೂರು ನಿಮಿಷ ಅಷ್ಟೇ, ಆದರೆ ಆ ನಿಮಿಷಗಳಲ್ಲಿ ಬಟ್ಟೆ ಕಿತ್ತೆಸೆಯಬೇಕು ಅನ್ನಿಸುತ್ತದೆ. ಬೆವರು ಆರಿದ ಮೇಲೆ ಚಳಿ. ಕೆಲವರಿಗೆ ಇದು ಏಳೆಂಟು ವರ್ಷ ಇರುತ್ತದೆ. ಕಡಲತೀರದ ಉಡುಪಿನ ಒಂದು ಪಾಠ ನನ್ನನ್ನು ಕಾಪಾಡಿತು, ಪದರ ಪದರವಾಗಿ ಹಾಕಿಕೊಳ್ಳುವುದು. ಒಳಗೆ ತೋಳಿಲ್ಲದ ತೆಳು ಹತ್ತಿ. ಮೇಲೆ ಗುಂಡಿ ಬಿಚ್ಚಿದ ಲಿನನ್ ಅಂಗಿ. ಹೆಗಲಿಗೆ ಒಂದು ತೆಳು ಸ್ವೆಟರ್. ಚಿತ್ರಗಳಲ್ಲಿ ಹೆಗಲ ಮೇಲೆ ಸ್ವೆಟರ್ ಕಟ್ಟಿಕೊಳ್ಳುವುದು ಅಂದಕ್ಕೆ ಅಂದುಕೊಂಡಿದ್ದೆ. ನನಗೆ ಅದು ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಮೀಟಿಂಗ್ ಮಧ್ಯದಲ್ಲೂ ಯಾರಿಗೂ ತಿಳಿಯದ ಹಾಗೆ ತೆಗೆಯಬಹುದು, ಹಾಕಬಹುದು.

ಬಣ್ಣದ ಬಗ್ಗೆ ಕೇಳಬೇಕಿತ್ತು. ಕೆನೆ ಬಣ್ಣ ಹಾಕಿದರೆ ನನ್ನ ಮುಖ ಕಳೆಗುಂದಿದ ಹಾಗೆ ಕಾಣುತ್ತದೆ. ನಿಮಗೂ ಹಾಗಾಗುತ್ತಾ?

ಬೆಳ್ಳಿಕೂದಲು:

ನನಗೂ ಹಾಗೇ ಆಯಿತು! ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ಕನ್ನಡಿ ಹಿಡಿದು ನಾಲ್ಕು ಬಟ್ಟೆ ಕುತ್ತಿಗೆಗೆ ಇಟ್ಟು ನೋಡಿದೆ. ಕೆನೆ ಬಣ್ಣಕ್ಕೆ ನನ್ನ ಬಿಳಿ ಕೂದಲು ಹಳದಿ ಕಂಡಿತು. ಅಚ್ಚ ಬಿಳಿ, ಕಡುನೀಲಿ ಎರಡೂ ಚೆನ್ನಾಗಿ ಕಂಡವು. ಈಗ ಮರಳು ಬಣ್ಣವನ್ನು ಪ್ಯಾಂಟಿಗೆ ಇಟ್ಟುಕೊಂಡಿದ್ದೇನೆ, ಮುಖದ ಹತ್ತಿರ ನೀಲಿ. ನೀವೂ ಹಾಗೆ ಮಾಡಿ ನೋಡಿ.

ಹೊಸಅಲೆ:

ನೀಲಿ ಬಿಳಿ ಪಟ್ಟೆ ಅಂಗಿಯನ್ನು ಯಾರೂ ಹೇಳಲಿಲ್ಲ! ನನ್ನ ಅಮ್ಮನಿಗೆ 70, ಅದನ್ನು ಬಿಟ್ಟು ಬೇರೆ ಹಾಕುವುದೇ ಇಲ್ಲ. ಅದು ಫ್ರಾನ್ಸ್ ನೌಕಾಪಡೆಯ ಸಮವಸ್ತ್ರವಾಗಿದ್ದ ಅಂಗಿ. 1858ರಲ್ಲಿ ಅದಕ್ಕೆ ನಿಯಮ ಮಾಡಿದರು. 21 ಬಿಳಿ ಪಟ್ಟೆ, ಒಂದೊಂದೂ 20 ಮಿಲಿಮೀಟರ್ ಅಗಲ. ನೀಲಿ ಪಟ್ಟೆ ಅದರ ಅರ್ಧ, 10 ಮಿಲಿಮೀಟರ್. ಆ ಅಳತೆ ಈಗಲೂ ಚೆಂದ. ಅಮ್ಮ ಅಂಗಡಿಯಲ್ಲಿ ನಿಂತು ಬೆರಳಲ್ಲಿ ಅಳೆಯುತ್ತಾರೆ. ನೀಲಿ ಪಟ್ಟೆ ಬಿಳಿಯಷ್ಟೇ ದಪ್ಪ ಇದ್ದರೆ ಕಣ್ಣಿಗೆ ಹೊಡೆಯುತ್ತದೆ ಅಂತ ಅವರ ಅಭಿಪ್ರಾಯ. ಭುಜ ನೋಯುವವರು ಮುಂದೆ ಗುಂಡಿ ಇರುವುದನ್ನೇ ಹುಡುಕಿ, ಹಳೆಯ ಮಾದರಿ ತಲೆ ಮೇಲಿಂದ ಹಾಕುವಂಥದ್ದು.

ನಿಧಾನನಡಿಗೆ:

ನಾನು ಫಿಸಿಯೋಥೆರಪಿ ಕೆಲಸದಲ್ಲಿದ್ದೆ, ಈಗ ವಿಶ್ರಾಂತಿ. ಭುಜದ ಬಗ್ಗೆ ದಾರಸೂಜಿ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಾಕಿಕೊಳ್ಳುವಾಗ ನೋಯುವ ಕೈ ಮೊದಲು ತೋಳಿಗೆ ಹೋಗಲಿ. ಬಿಚ್ಚುವಾಗ ಅದೇ ಕೈ ಕೊನೆಗೆ ಬರಲಿ. ಇಷ್ಟು ಮಾಡಿದರೆ ಅರ್ಧ ನೋವು ತಪ್ಪುತ್ತದೆ. ಭುಜ ಹಾಗೆ ಬಿಗಿದುಕೊಂಡು ತಿಂಗಳುಗಳಾಗಿದ್ದರೆ ವೈದ್ಯರಿಗೆ ತೋರಿಸಿ. ಹೀಗೆ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಂಗಸರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ಜಾಸ್ತಿ.

ಮರಳಿನ ಮೇಲೆ ನಡೆಯುವ ಬಗ್ಗೆ ಎಲ್ಲರೂ ಕನಸು ಕಾಣುತ್ತಾರೆ. ಖಂಡಿತ ನಡೆಯಿರಿ. ಆದರೆ ಒಣ ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಪಾದ ಕುಸಿಯುತ್ತದೆ, ಹಿಮ್ಮಡಿಯ ಹಿಂದಿನ ಸ್ನಾಯು ಎಳೆಯುತ್ತದೆ. ಅದಕ್ಕೇ ಇಳಿತದ ಹೊತ್ತಿಗೆ ಹೋಗಿ. ನೀರು ಹಿಂದೆ ಸರಿದ ಜಾಗದಲ್ಲಿ ಮರಳು ಒದ್ದೆಯಾಗಿ, ಗಟ್ಟಿಯಾಗಿ, ಸಮತಟ್ಟಾಗಿ ಇರುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು. ತೀರ ಓರೆ ಇದ್ದರೆ ಹೋದ ದಾರಿಯಲ್ಲೇ ವಾಪಸ್ ಬನ್ನಿ. ಒಂದೇ ದಿಕ್ಕಿಗೆ ನಡೆದರೆ ಒಂದೇ ಸೊಂಟ, ಒಂದೇ ಮಂಡಿಗೆ ಭಾರ ಬೀಳುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲು ಬೇಡ. ಚಿಪ್ಪಿನ ಚೂರು ಚುಚ್ಚಿದರೂ ತಿಳಿಯುವುದಿಲ್ಲ.

ಹೆಬ್ಬೆರಳ ಗಂಟಿಗೆ ಮುಂಭಾಗ ಅಗಲ ಇರುವ, ಹಿಂದೆ ಪಟ್ಟಿ ಇರುವ ಚಪ್ಪಲಿ ತೆಗೆದುಕೊಳ್ಳಿ. ಬೆರಳಿಗೆ ಸಿಕ್ಕಿಸುವ ಚಪ್ಪಲಿಯಲ್ಲಿ ಬೆರಳು ಬಿಗಿಹಿಡಿದೇ ನಡೆಯಬೇಕು. ನಮ್ಮ ವಯಸ್ಸಲ್ಲಿ ಮುಗ್ಗರಿಸಿ ಬಿದ್ದರೆ ಮೂಳೆ ಉಳಿಯುವುದು ಕಷ್ಟ. ಸೆಣಬಿನ ಹಗ್ಗದ ಅಟ್ಟೆಯ ಶೂಗಳು ನೋಡಲು ಚೆಂದ, ನೀರು ತಾಕಿದರೆ ಹಾಳು. ಅವನ್ನು ಒಣ ದಿನಕ್ಕೆ ಇಟ್ಟುಕೊಳ್ಳಿ.

ಮರಳುಹಾದಿ:

ನಾನು ಹುಟ್ಟಿದ್ದು, ಬೆಳೆದದ್ದು, ಈಗ 71ಕ್ಕೆ ಬಂದದ್ದು ಎಲ್ಲ ಸಮುದ್ರದ ಪಕ್ಕದಲ್ಲೇ. ಇಲ್ಲಿ ಎಲ್ಲರೂ ತೆಳು ಬಿಳಿ ಬಟ್ಟೆಯನ್ನು ಹೊಗಳುತ್ತಿದ್ದೀರಿ. ಬಿಸಿಲಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆಗೆ ಯುಪಿಎಫ್ ಅನ್ನುತ್ತಾರೆ. ತೆಳು ಬಿಳಿ ಹತ್ತಿ ಟಿ-ಶರ್ಟ್‌ನ ಯುಪಿಎಫ್ ಸುಮಾರು 7. ಅಂದರೆ ನೇರಳಾತೀತ ಕಿರಣದ ಏಳನೇ ಒಂದು ಪಾಲು ಒಳಗೆ ಬರುತ್ತದೆ. ಒದ್ದೆಯಾದರೆ ಅದು 3ಕ್ಕೆ ಇಳಿಯುತ್ತದೆ. ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ. ಆಚೆ ಬದಿ ಚೆನ್ನಾಗಿ ಕಂಡರೆ ಬಿಸಿಲೂ ಅಷ್ಟೇ ಚೆನ್ನಾಗಿ ನುಗ್ಗುತ್ತದೆ. ಒತ್ತು ನೇಯ್ಗೆಯ ಕಡುನೀಲಿ ಲಿನನ್ ಇದಕ್ಕಿಂತ ಎಷ್ಟೋ ವಾಸಿ.

ಟೋಪಿ ಹಾಕಿದ್ದೇನೆ, ನೆರಳಲ್ಲಿ ಕೂತಿದ್ದೇನೆ ಅಂದರೂ ಸಾಲದು. ಒಣ ಮರಳು ನೇರಳಾತೀತ ಕಿರಣದ ಸುಮಾರು 15% ವಾಪಸ್ ಎಸೆಯುತ್ತದೆ, ಅಲೆಯ ನೊರೆ ಸುಮಾರು 25%. ಕೆಳಗಿನಿಂದ ಗಲ್ಲ, ಕುತ್ತಿಗೆಗೆ ಬೀಳುತ್ತದೆ. ಟೋಪಿಯ ಅಂಚು ಸುತ್ತಲೂ ಏಳೂವರೆ ಸೆಂಟಿಮೀಟರ್ ಆದರೂ ಇರಲಿ. ಹುಲ್ಲಿನ ಟೋಪಿ ಆದರೆ ಸಂದಿ ಇಲ್ಲದ ಹೆಣಿಗೆ ನೋಡಿ. ಎಸ್‌ಪಿಎಫ್ 30 ಅಥವಾ ಜಾಸ್ತಿ ಇರುವ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ ಮರೆಯಬೇಡಿ. ಕೈ ಬೆನ್ನನ್ನು ಎಲ್ಲರೂ ಮರೆಯುತ್ತಾರೆ.

ಇನ್ನೊಂದು. ವಯಸ್ಸಾದಂತೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಬಾಯಾರಿದಾಗ ಕುಡಿಯೋಣ ಅಂತ ಕಾಯಬೇಡಿ. ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಜೈಡ್ ಮಾತ್ರೆ ತೆಗೆದುಕೊಳ್ಳುವವರ ಚರ್ಮಕ್ಕೆ ಬಿಸಿಲು ಬೇಗ ಹತ್ತುತ್ತದೆ. ನಿಮ್ಮ ಮಾತ್ರೆ ಯಾವುದು ಅಂತ ವೈದ್ಯರನ್ನು ಒಮ್ಮೆ ಕೇಳಿ. ನೀರಿಗೆ ಇಳಿಯುವುದಾದರೆ ಒಬ್ಬರೇ ಬೇಡ, ಅಲೆಗೆ ಬೆನ್ನು ಹಾಕಿ ನಿಲ್ಲಬೇಡಿ. ಮಂಡಿಯಷ್ಟು ನೀರಲ್ಲೂ ಅಲೆ ಕೆಡವುತ್ತದೆ.

ಇಷ್ಟು ಹೇಳಿ ಹೆದರಿಸಿದೆನೋ ಏನೋ. ಬೆಳಗಿನ ಆರು ಗಂಟೆಯ ಸಮುದ್ರದ ಮುಂದೆ ಇವೆಲ್ಲ ಸಣ್ಣ ಕಷ್ಟ. ಬನ್ನಿ.

ಹಸಿರುಕಿಟಕಿ:

ಮರಳುಹಾದಿ ಅವರೇ, ಬರಬೇಕು ಅನ್ನಿಸುತ್ತದೆ. ದೂರ ಇರುವವರ ಗತಿ ಏನು ಅಂತ ನಾನು ಮೊದಲು ಕೇಳಿದ್ದು ಅದಕ್ಕೇ. ಇಂಗ್ಲೆಂಡಿನ 2001ರ ಜನಗಣತಿಯ ಮಾಹಿತಿ ಇಟ್ಟುಕೊಂಡು 2012ರಲ್ಲಿ ಬಂದ ಒಂದು ಅಧ್ಯಯನ ಓದಿದ್ದೆ. ಸಮುದ್ರದ ಹತ್ತಿರ ಇರುವವರಲ್ಲಿ ‘ನನ್ನ ಆರೋಗ್ಯ ಚೆನ್ನಾಗಿದೆ’ ಅಂದವರು ಸ್ವಲ್ಪ ಜಾಸ್ತಿ. ಬಡತನ ಇರುವ ಕಡೆಗಳಲ್ಲಿ ಆ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಅದು ನನ್ನ ಮನಸ್ಸಿಗೆ ತಾಕಿತು. ದುಡ್ಡಿರುವವರಿಗಿಂತ ಇಲ್ಲದವರಿಗೇ ಸಮುದ್ರ ಜಾಸ್ತಿ ಕೊಡುತ್ತದೇನೋ ಅನ್ನಿಸಿತು.

ನಾನು ಮಾಡಿದ್ದು ಇಷ್ಟು. ಕಿಟಕಿಯ ದಪ್ಪ ಪರದೆ ತೆಗೆದು ತೆಳು ಬಿಳಿ ಹತ್ತಿ ಬಟ್ಟೆ ಹಾಕಿದೆ. ಕಿಟಕಿ ಮುಂದಿನ ಕಪಾಟು ಸರಿಸಿ ಕುರ್ಚಿ ಇಟ್ಟೆ. ಬೆಳಗ್ಗೆ ಒಂದು ಗಂಟೆ ಫೋನ್ ಬೇರೆ ಕೋಣೆಯಲ್ಲಿ. ಎಂಟು ದಿನ ಏನೂ ಅನ್ನಿಸಲಿಲ್ಲ. ಒಂಬತ್ತನೇ ದಿನ ಪರದೆ ಉಬ್ಬಿ ಇಳಿಯುವುದನ್ನು ನೋಡುತ್ತಾ ಕೂತೇ ಇದ್ದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅಲಂಕಾರಕ್ಕೆ ಚಿಪ್ಪುಗಳ ಚೀಲ ಕೊಳ್ಳಲು ಹೋಗಿದ್ದೆ, ಬಿಟ್ಟೆ. ಖಾಲಿ ಚಿಪ್ಪು ಸನ್ಯಾಸಿ ಏಡಿಗಳಿಗೆ ಮನೆ. ಅವು ಅಲ್ಲೇ ಇರಲಿ.

ದಾರಸೂಜಿ:

ಸಮುದ್ರ ಅಂದರೆ ಸುಮ್ನೆ ಕೂತು ನೋಡುವುದು ಅಂತ ಮಾತ್ರ ಆಗಬಾರದು ಅಂತ ನನಗೆ ಆಸೆ. ಕೊರಿಯಾದ ಜೆಜು ದ್ವೀಪದ ಹೇನ್ಯೊ ಹೆಂಗಸರ ಬಗ್ಗೆ ಕೇಳಿದ್ದೀರಾ? ಆಮ್ಲಜನಕದ ಸಿಲಿಂಡರ್ ಇಲ್ಲದೆ ಹತ್ತು ಮೀಟರ್ ಆಳಕ್ಕೆ ಮುಳುಗುತ್ತಾರೆ. ಒಂದೊಂದು ಸಲಕ್ಕೆ ಸುಮಾರು ಒಂದು ನಿಮಿಷ ಉಸಿರು ಹಿಡಿಯುತ್ತಾರೆ. ಈಗ ಉಳಿದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಎಂಬತ್ತು ದಾಟಿದವರೂ ಇದ್ದಾರೆ. 2016ರಲ್ಲಿ ಯುನೆಸ್ಕೋ ಅವರ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಇಷ್ಟವಾದದ್ದು ಅವರ ಹಳೆಯ ಉಡುಪು. 1970ರ ದಶಕದಲ್ಲಿ ರಬ್ಬರ್ ಉಡುಪು ಬರುವ ತನಕ ಅವರು ಹತ್ತಿ ಬಟ್ಟೆಯಲ್ಲೇ ಮುಳುಗುತ್ತಿದ್ದರು. ಅದು ಪಕ್ಕದಲ್ಲಿ ತೆರೆಯುತ್ತಿತ್ತು. ಮೈ ಹೆಚ್ಚಿದರೆ ಸಡಿಲ ಮಾಡಿ, ಇಳಿದರೆ ಬಿಗಿ ಮಾಡಿ ಕಟ್ಟಿಕೊಳ್ಳಬಹುದಿತ್ತು. ಬಸಿರಿಯೂ ಅದನ್ನೇ ಹಾಕುತ್ತಿದ್ದಳು. ಮೈ ಬದಲಾಗುತ್ತದೆ ಅಂತ ಮೊದಲೇ ತಿಳಿದು ಹೊಲಿದ ಬಟ್ಟೆ ಅದು. ನಮ್ಮ ಬೀರುಗಳಲ್ಲಿ ಅಂಥದ್ದು ಒಂದೂ ಇಲ್ಲ ಅಲ್ವಾ?

ಬೆಳ್ಳಿಕೂದಲು:

ಮೂರು ವಾರದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಒಂದೇ ಅಂಗಿ ಹೊಲಿಸಿದೆ, ಕಡುನೀಲಿ. ಮುಂದೆ ದೊಡ್ಡ ಗುಂಡಿ, ಕಂಕುಳಲ್ಲಿ ಚೌಕ ತುಂಡು. ಹೊಲಿಯುವವರಿಗೆ ಆ ತುಂಡಿನ ವಿಷಯ ಗೊತ್ತಿರಲಿಲ್ಲ. ದಾರಸೂಜಿ ಅವರು ಬರೆದದ್ದನ್ನು ಓದಿ ಹೇಳಿದೆ. ಬಲಗೈ ಮೊದಲು ಹಾಕಿದೆ. ಯಾರ ಸಹಾಯವೂ ಇಲ್ಲದೆ ಅಂಗಿ ಹಾಕಿಕೊಂಡು ಒಂದು ವರ್ಷದ ಮೇಲಾಗಿತ್ತು.

ಮೊನ್ನೆ ಸಮುದ್ರಕ್ಕೆ ಹೋಗಿದ್ದೆ. ಇಳಿತ ನೋಡಿಕೊಂಡೇ ಹೋದೆ. ಹತ್ತು ನಿಮಿಷ ಒದ್ದೆ ಮರಳಲ್ಲಿ ನಡೆದು ಮಡಚುವ ಕುರ್ಚಿಯಲ್ಲಿ ಕೂತೆ. ಯಾರೋ ದೂರದಿಂದ ಫೋಟೋ ತೆಗೆದು ಕಳಿಸಿದರು. ಮೊದಲು ಕಂಡದ್ದು ನನ್ನ ಹೊಟ್ಟೆ. ಒಳಗೆ ಎಳೆದುಕೊಂಡಿರಲಿಲ್ಲ. ಎಳೆದುಕೊಳ್ಳಬೇಕು ಅಂತ ನೆನಪೂ ಆಗಿರಲಿಲ್ಲ. ಆ ಫೋಟೋ ಅಳಿಸಿಲ್ಲ.

‘ಈ ವಯಸ್ಸಿಗೆ ಯಾಕೆ’ ಅಂದವರು ಅದನ್ನು ನೋಡಿದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ದಾರಸೂಜಿ ಅವರೇ, ಎರಡನೇ ಅಂಗಿಗೆ ಬಿಳಿ ಬಟ್ಟೆ ತಂದಿದ್ದೇನೆ. ಕಿಟಕಿಗೆ ಹಿಡಿದು ನೋಡಿಯೇ ತಂದೆ, ಒತ್ತು ನೇಯ್ಗೆ. ಒಗೆದು ಒಣಗಿಸಿದ್ದೂ ಆಯಿತು. ಮೊದಲನೆಯದರಲ್ಲಿ ಕೈ ಪಕ್ಕಕ್ಕೆ ಚಾಚುವಾಗ ಇನ್ನೂ ಸ್ವಲ್ಪ ಎಳೆಯುತ್ತದೆ. ಚೌಕ ತುಂಡು ಎಷ್ಟು ಅಗಲ ಇಡಿಸಲಿ?

ದಾರಸೂಜಿ:

ಮೊದಲನೆಯದು ಎಷ್ಟಿದೆ ಅಳೆದು ನೋಡಿ. ನನ್ನ ಅಂದಾಜು ಎಂಟು ಸೆಂಟಿಮೀಟರ್ ಇರಬೇಕು. ಈ ಸಲ ಹತ್ತು ಇಡಿಸಿ, ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಲು ಹೇಳಿ. ಓರೆ ಎಳೆ ಸ್ವಲ್ಪ ಹಿಗ್ಗುತ್ತದೆ. ಫೋಟೋ ನಮಗೂ ತೋರಿಸಿ.